ಕಾಫಿಯ ಹದ

ದಾವಣಗೆರೆಯ ಬೆಣ್ಣೆದೋಸೆಯ ಬಳಿಕ ಬಂದ ಕಾಫಿ ರುಚಿಸದಿದ್ದರೆ ನಾವು ಬೀಜವನ್ನು ಹಳಿಯುತ್ತೇವೆ. ಹಲವು ವೇಳೆ ದೋಷವು ಬೀಜದ್ದಲ್ಲ; ಹುರಿದ ಹದಕ್ಕೂ ಇಳಿಸುವ ಪಾತ್ರೆಗೂ ಹೊಂದಿಕೆಯಿಲ್ಲದಿರುವುದೇ ಕಾರಣ.

ಅರೇಬಿಕಾ ಬೀಜಕ್ಕೆ ಪರಿಮಳ ಹೆಚ್ಚು. ರೊಬಸ್ಟಾಕ್ಕೆ ಕಸುವೂ ಕಹಿಯೂ ಹೆಚ್ಚು. ನೆರೆಯ ಹರಿಹರದ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಾಗಿರುವಂತೆ, ಹಾಲು ಬೆರೆಸುವ ಕಾಫಿಯಲ್ಲಿ ಇವೆರಡೂ ಕೂಡಿದರೆ ಸೊಗಸು. ಹನಿಹನಿಯಾಗಿ ಇಳಿಸುವ ಫಿಲ್ಟರಿಗೆ ಚೆನ್ನಾಗಿ ಹುರಿದು ಸಣ್ಣಗೆ ಬೀಸಿದ ಪುಡಿ ಬೇಕು. ಅದು ಹಿಟ್ಟಿನಂತಾದರೆ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಬಿಸಿನೀರಿನಲ್ಲಿ ನೆನೆಯಿಸಿ ಸೋಸುವುದಾದರೆ ತರಿಪುಡಿಯೂ ಸುಮಾರು 4 ನಿಮಿಷಗಳೂ ಸಾಕು. ಹಾಲಿಲ್ಲದೆ ಕುಡಿಯುವವರಿಗೆ ಕಂದುಬಣ್ಣಕ್ಕೆ ಹುರಿದ ಅರೇಬಿಕಾ ಹಿತ. ಕರಿದಾಗಿ ಹುರಿದರೆ ಅದರ ಗಂಧವೇ ಅಡಗುತ್ತದೆ.

ಬಾಬಾಬುಡನ್‌ಗಿರಿಯ ಬೆಳೆಗಾರನು ಗಿಡ ನೆಟ್ಟು 3–4 ವರ್ಷ ಫಲಕ್ಕಾಗಿ ಕಾಯುತ್ತಾನೆ. ಆ ಶ್ರಮವನ್ನು ನಾವು ಒಲೆಯ ಮುಂದಿನ ಅವಸರದಲ್ಲಿ ಕೆಡಿಸದಿರೋಣ.