ಒಂದೇ ಇಂಟರ್‌ನೆಟ್ಟನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುವ ಬಗೆ



ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಂಚಿಕೊಳ್ಳುವ ಕಷ್ಟವನ್ನು ನಿಮಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಮೇಲ್ಭಾಗದವರು ತೂಬು ತೆರೆದೇ ಬಿಟ್ಟರೆ ಕೊನೆಭಾಗದ ಭತ್ತ ಒಣಗುವುದು. ಮನೆಗೆ ತಂದ ಇಂಟರ್‌ನೆಟ್ಟಿನ ಸಂಗತಿಯೂ ಬಹುಮಟ್ಟಿಗೆ ಹೀಗೆಯೇ ಉಂಟು. ಆದುದರಿಂದ ಅದನ್ನು ನೀರಿನ ಲೆಕ್ಕದಲ್ಲಿಯೇ ತಿಳಿದುಕೊಳ್ಳೋಣ.

ಮಗನಿಗೊಂದು ಕಂಪ್ಯೂಟರು, ಕಾಲೇಜಿಗೆ ಹೋಗುವ ಮಗಳಿಗೊಂದು ಲ್ಯಾಪ್‌ಟಾಪು ಬಂದ ಮೇಲೆ ಎರಡು ಸಂಪರ್ಕ ಬೇಕೆಂದು ಕೆಲವರು ಭಾವಿಸುತ್ತಾರೆ. ಬೇಕಾಗಿಲ್ಲ. ಹೊರಗಿನ ತಂತಿ ಬಂದು ಸೇರುವ ರೌಟರ್ ಎಂಬ ಪೆಟ್ಟಿಗೆಯೇ ಹಂಚಿಕೆಯ ತೂಬು. ಅದು ಮನೆಯ ಪ್ರತಿಯೊಂದು ಯಂತ್ರಕ್ಕೂ ತಾನೇ ಒಂದು ಒಳನಂಬರು ಕೊಟ್ಟು, ಯಾರು ಕೇಳಿದ್ದನ್ನು ಅವರಿಗೇ ತಲುಪಿಸುತ್ತದೆ. ಕಂಪ್ಯೂಟರಿನಲ್ಲಿ ವೈಫೈ ಪಟ್ಟಿಯನ್ನು ತೆರೆದು, ನಿಮ್ಮ ರೌಟರಿನ ಹೆಸರನ್ನು ಆರಿಸಿ, ಗುಪ್ತಪದವನ್ನು ಒಂದು ಸಲ ಬರೆದರೆ ಸಾಕು. ಮುಂದೆ ಅದು ತಾನಾಗಿಯೇ ಸೇರಿಕೊಳ್ಳುವುದು. ವೈಫೈ ಇಲ್ಲದ ಹಳೆಯ ಕಂಪ್ಯೂಟರಿಗೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಸಣ್ಣ ತುಂಡು ಅಂಗಡಿಯಲ್ಲಿ ದೊರೆಯುತ್ತದೆ.

ಇನ್ನು ರೌಟರನ್ನು ಇಡುವ ಜಾಗ. ಇಲ್ಲಿಯೇ ಹೆಚ್ಚಿನ ಮನೆಗಳು ನಷ್ಟಪಡುತ್ತವೆ. ತಂತಿ ಎಳೆಯಲು ಬಂದವನು ಕಿಟಕಿಯ ಬಳಿ ಬಿಟ್ಟುಹೋದ ಪೆಟ್ಟಿಗೆ ವರ್ಷಗಟ್ಟಲೆ ಅಲ್ಲಿಯೇ ಕಬ್ಬಿಣದ ಅಲಮಾರಿಯ ಹಿಂದೆ ಕುಳಿತಿರುತ್ತದೆ! ದಪ್ಪ ಗೋಡೆ ಅಲೆಗಳ ಬಲವನ್ನು ಕುಗ್ಗಿಸುತ್ತದೆ. ತಗಡು, ಕಬ್ಬಿಣ, ತುಂಬಿದ ನೀರಿನ ಟ್ಯಾಂಕು ಇನ್ನೂ ಹೆಚ್ಚು ತಡೆಯುತ್ತವೆ. ಪಡಸಾಲೆಯ ನಡುಭಾಗದಲ್ಲಿ, ಆಳೆತ್ತರದಲ್ಲಿ ಒಂದು ಹಲಗೆ ಹೊಡೆದು ಅದರ ಮೇಲಿಡಿರಿ. ಈಗಿನ ಅನೇಕ ರೌಟರುಗಳು ಎರಡು ಬಗೆಯ ಅಲೆ ಬಿಡುತ್ತವೆ. 2.4 ಗಿಗಾಹರ್ಟ್ಸ್ ಅಲೆ ನಿಧಾನವಾದರೂ ದೂರ ಹೋಗುತ್ತದೆ. 5 ಗಿಗಾಹರ್ಟ್ಸ್ ಅಲೆ ಚುರುಕು, ಆದರೆ ಗೋಡೆ ದಾಟುವಲ್ಲಿ ಸೋಲುತ್ತದೆ. ಹಿತ್ತಲಕೋಣೆಯವರು ಮೊದಲನೆಯದನ್ನು ಆರಿಸಿಕೊಳ್ಳುವುದು ಲೇಸು. ಕದಲದೆ ಒಂದೇ ಕಡೆ ಇರುವ ಕಂಪ್ಯೂಟರಿಗೆ ರೌಟರಿನಿಂದ ನೇರವಾಗಿ ತಂತಿ ಎಳೆಯುವುದೇ ಎಲ್ಲಕ್ಕಿಂತ ಉತ್ತಮ. 100 ಮೀಟರಿನವರೆಗೆ ಅದು ಚೆನ್ನಾಗಿ ಕೆಲಸಮಾಡುತ್ತದೆ.

ಹೀಗೆಲ್ಲ ಮಾಡಿದರೂ ತೂಬಿಗೆ ಬಂದಷ್ಟೇ ನೀರು. ನಿಮ್ಮದು 30 ಮೆಗಾಬಿಟ್ ಸಂಪರ್ಕವಾದರೆ, ಸ್ಪಷ್ಟ ಚಿತ್ರದ ಒಂದು ಸಿನಿಮಾ ಅದರಲ್ಲಿ ಸುಮಾರು 5 ಮೆಗಾಬಿಟ್ ಎಳೆಯುವುದು. ನಾಲ್ಕು ಕಡೆ ಸಿನಿಮಾ ಓಡುತ್ತ, ಐದನೆಯ ಯಂತ್ರ ದೊಡ್ಡ ಕಡತವನ್ನು ಇಳಿಸಿಕೊಳ್ಳುತ್ತಿದ್ದರೆ, ಮಗಳ ಪಾಠ ತಡವರಿಸತೊಡಗುತ್ತದೆ. ಅವಳು ಕೊನೆಭಾಗದ ರೈತಳಾದಂತೆ. ಪಾಠದ ಹೊತ್ತು, ಅರ್ಜಿ ತುಂಬುವ ಹೊತ್ತು ಇವಕ್ಕೆ ಮನೆಯಲ್ಲಿ ಸರತಿ ಗೊತ್ತುಮಾಡಿಕೊಳ್ಳಿರಿ. ಕಂಪ್ಯೂಟರು ಸದ್ದಿಲ್ಲದೆ ತಾನೇ ಇಳಿಸಿಕೊಳ್ಳುವ ಹೊಸ ಭಾಗಗಳನ್ನು ರಾತ್ರಿಯ ವೇಳೆಗೆ ದೂಡಿರಿ. ಭೂಮಿ ಯೋಜನೆ 2000ದಲ್ಲಿ ಆರಂಭವಾದಂದಿನಿಂದ ಪಹಣಿ ಕಂಪ್ಯೂಟರಿಗೆ ಏರಿದೆ. ಇಂದು ಅದನ್ನು ಮನೆಯಲ್ಲಿ ಕುಳಿತು ನೋಡಬಹುದು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಇಲ್ಲಿ ನೆಲೆಸಿದ ಮನೆತನದ ಹಿರಿಯರು ಬಂಗಾಳದ ಬಳಗದವರ ಮುಖ ನೋಡಿ ಮಾತಾಡುವುದೂ ಇದೇ ತೂಬಿನ ನೀರಿನಿಂದ. ಸಿನಿಮಾ ತುಸು ಕಾಯಲಿ.

ಗುಪ್ತಪದದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಮನೆಯೊಳಗೆ ಯಂತ್ರಗಳು ಎಷ್ಟೇ ಇರಲಿ, ಹೊರಜಗತ್ತಿಗೆ ಅವೆಲ್ಲ ಸಾಮಾನ್ಯವಾಗಿ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತವೆ. ನಿಮ್ಮ ವೈಫೈ ಹಿಡಿದು ಅಪರಿಚಿತನೊಬ್ಬ ಯಾರಿಗಾದರೂ ಮೋಸಮಾಡಿದರೆ, ವಿಚಾರಣೆ ಮೊದಲು ಬರುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ. ಆದಕಾರಣ ಪೆಟ್ಟಿಗೆಯೊಡನೆ ಬಂದ ಗುಪ್ತಪದಗಳನ್ನು, ರೌಟರಿನ ಒಳವ್ಯವಸ್ಥೆಯದನ್ನೂ ಸೇರಿಸಿ, ಬದಲಾಯಿಸಿರಿ. ಭದ್ರತೆಯ ಬಗೆ ಕೇಳಿದಲ್ಲಿ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಆರಿಸಿರಿ. ನೆರೆಯವರಿಗೆ ಇಲ್ಲವೆನ್ನುವುದು ಹಳ್ಳಿಯಲ್ಲಿ ಸುಲಭವಲ್ಲ, ನಿಜ. ಅದಕ್ಕೆಂದೇ ಎಷ್ಟೋ ರೌಟರುಗಳಲ್ಲಿ ಅತಿಥಿಗಳಿಗಾಗಿ ಬೇರೆ ಹೆಸರು, ಬೇರೆ ಗುಪ್ತಪದದ ಏರ್ಪಾಡಿದೆ. ನಂಬಿಕೆಯುಳ್ಳವರಿಗೆ ಅದನ್ನು ಕೊಟ್ಟು, ಕೆಲಸ ಮುಗಿದ ಮೇಲೆ ಬದಲಾಯಿಸಿರಿ. ಇಂಟರ್‌ನೆಟ್ಟಿನಲ್ಲಿ ನಿಮ್ಮ ಹಣವೇ ಮೋಸದಿಂದ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡತಕ್ಕದ್ದು.

ಗುಡುಗು ಮಿಂಚು ಕಂಡಾಗ ರೌಟರಿನ ವಿದ್ಯುತ್ ಪ್ಲಗ್ಗನ್ನು ಕಿತ್ತಿಡಿರಿ. ಕರೆಂಟು ಪದೇ ಪದೇ ಹೋಗುವ ಮನೆಯವರು ರೌಟರಿಗೆಂದೇ ಮಾರುವ ಸಣ್ಣ ಬ್ಯಾಟರಿಪೆಟ್ಟಿಗೆಯನ್ನು ಕೊಳ್ಳಬಹುದು. ಆದರೆ ಅಂಗಡಿಗೆ ಹೋಗುವ ಮುಂಚೆ ರೌಟರಿನ ಅಡಾಪ್ಟರಿನ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಬರೆದಿದೆಯೋ ಅದನ್ನು ಚೀಟಿಯಲ್ಲಿ ಗುರುತುಮಾಡಿಕೊಂಡು ಹೋಗಿರಿ.