ಸುರಕ್ಷತೆಯ ಹಣಕ್ಕೆ ಲೆಕ್ಕ ಕೇಳುವವರು ಯಾರು?

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಭಯೋತ್ಪಾದನೆಯನ್ನು ಎದುರಿಸುವ ಹೆಸರಿನಲ್ಲಿ ಸರಕಾರಗಳು ವ್ಯಯಿಸುವ ಹಣಕ್ಕೆ ಲೆಕ್ಕವಿದೆಯೇ? ಈ ಪ್ರಶ್ನೆಯನ್ನು ನಾವು ಇಂದು ತಮ್ಮ ಮುಂದಿಡುತ್ತಿದ್ದೇವೆ. ಇದಕ್ಕೆ ಅಮೆರಿಕದ ಉದಾಹರಣೆಯನ್ನು ಆಯ್ದುಕೊಂಡಿರುವುದಕ್ಕೆ ಕಾರಣವಿದೆ. ಹೇರಳವಾಗಿ ಹಣ ಸುರಿದದ್ದೂ ಆ ದೇಶವೇ, ಅದರ ಲೋಪಗಳನ್ನು ತನ್ನ ಸಂಸತ್ತಿನ ವರದಿಗಳಲ್ಲಿಯೇ ದಾಖಲಿಸಿದ್ದೂ ಆ ದೇಶವೇ.

2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸುಮಾರು 3000 ನಿರಪರಾಧಿಗಳು ಪ್ರಾಣ ಕಳೆದುಕೊಂಡರು. ಅವರಲ್ಲಿ ಮುಸ್ಲಿಮರೂ ಇದ್ದರು. ಅದು ಘೋರ ಅಪರಾಧವೆಂಬುದರಲ್ಲಿ ಎರಡು ಮಾತಿಲ್ಲ. ಅಂದು ನ್ಯೂಯಾರ್ಕಿನ ಪೊಲೀಸರು ಮತ್ತು ಅಗ್ನಿಶಾಮಕ ದಳದವರು ರೇಡಿಯೋದಲ್ಲಿ ಪರಸ್ಪರ ಸಂಪರ್ಕಿಸಲಾಗದೆ ಪರದಾಡಿದರು. ಇಂತಹ ಕೊರತೆಗಳನ್ನು ನೀಗಿಸಲು 2003ರಲ್ಲಿ ‘ಅರ್ಬನ್ ಏರಿಯಾಸ್ ಸೆಕ್ಯುರಿಟಿ ಇನಿಶಿಯೇಟಿವ್’ ಎಂಬ ಅನುದಾನ ಯೋಜನೆ ಆರಂಭವಾಯಿತು. ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಈ ಹಣ ರಾಜ್ಯಗಳ ಮೂಲಕ ಮಹಾನಗರಗಳಿಗೂ ಅವುಗಳ ಸುತ್ತಲಿನ ಪ್ರದೇಶಗಳಿಗೂ ತಲುಪುತ್ತದೆ. ಶೇ. 80ರಷ್ಟನ್ನು ರಾಜ್ಯಗಳು ಸ್ಥಳೀಯ ಆಡಳಿತಗಳಿಗೆ ವರ್ಗಾಯಿಸಬೇಕೆಂಬ ನಿಯಮವಿದೆ.

ಇದರಿಂದ ಒಳಿತಾಗಿಲ್ಲವೆಂದರೆ ಅನ್ಯಾಯವಾದೀತು. 2013ರ ಏಪ್ರಿಲ್‌ನಲ್ಲಿ ಬೋಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟಗೊಂಡಾಗ ಮೂವರು ಸ್ಥಳದಲ್ಲಿಯೇ ಮೃತಪಟ್ಟರು. ಆದರೆ ಜೀವಂತವಾಗಿ ಆಸ್ಪತ್ರೆ ತಲುಪಿದ ಗಾಯಾಳುಗಳೆಲ್ಲರೂ ಬದುಕುಳಿದರು. ಅನುದಾನದ ನೆರವಿನಿಂದ ಮೊದಲೇ ನಡೆದಿದ್ದ ಜಂಟಿ ತಾಲೀಮುಗಳು ಇದಕ್ಕೆ ನೆರವಾದವು. ಜೀವ ಉಳಿಸುವ ಸಿದ್ಧತೆಯನ್ನು ನಾವು ಯಾಕೆ ವಿರೋಧಿಸಬೇಕು?

ಆದರೆ ಭಯವು ಬಜೆಟ್ ಆದಾಗ ವಿವೇಕ ಹಿಂದೆ ಸರಿಯುತ್ತದೆ. 2006ರಲ್ಲಿ ನ್ಯೂಯಾರ್ಕ್ ನಗರದ ಅನುದಾನವು ಸುಮಾರು 20 ಕೋಟಿ 70 ಲಕ್ಷ ಡಾಲರ್‌ನಿಂದ 12 ಕೋಟಿ 40 ಲಕ್ಷಕ್ಕೆ ಇಳಿಯಿತು. ಆ ನಗರದಲ್ಲಿ ರಾಷ್ಟ್ರೀಯ ಸ್ಮಾರಕಗಳೇ ಇಲ್ಲವೆಂದು ಅಧಿಕಾರಿಗಳ ಮೌಲ್ಯಮಾಪನ ಪತ್ರ ಹೇಳಿತ್ತು! 2012ರ ಡಿಸೆಂಬರ್‌ನಲ್ಲಿ ಸೆನೆಟರ್ ಟಾಮ್ ಕೊಬರ್ನ್ ಹೊರತಂದ ವರದಿಯು ಇಲಾಖೆಯ ಅನುದಾನಗಳ ಇನ್ನಷ್ಟು ಕತೆಗಳನ್ನು ಬಯಲು ಮಾಡಿತು. ಮಿಷಿಗನ್‌ನ ಜಿಲ್ಲೆಗಳು ಸಿಹಿ ಐಸ್ ತಯಾರಿಸುವ ಯಂತ್ರಗಳನ್ನು ಖರೀದಿಸಿದ್ದವು. ಕೀನ್ ಎಂಬ ಪುಟ್ಟ ಪಟ್ಟಣವು ಕವಚ ವಾಹನಕ್ಕಾಗಿ ಸಲ್ಲಿಸಿದ ಅರ್ಜಿಯಲ್ಲಿ ತನ್ನ ಕುಂಬಳಕಾಯಿ ಉತ್ಸವವನ್ನು ಉಲ್ಲೇಖಿಸಿತ್ತು.

ಇವು ನಗೆ ತರಿಸಬಹುದು. ಮುಂದಿನದು ನಗುವ ವಿಷಯವಲ್ಲ. ಮಾಹಿತಿ ಸಂಗ್ರಹಕ್ಕೆಂದು ಸ್ಥಾಪಿತವಾದ ‘ಫ್ಯೂಶನ್ ಸೆಂಟರ್’ಗಳ ಕುರಿತು 2012ರ ಅಕ್ಟೋಬರ್‌ನಲ್ಲಿ ಸೆನೆಟ್ ಉಪಸಮಿತಿಯೊಂದು ವರದಿ ನೀಡಿತು. ಅವುಗಳಿಗೆ ವ್ಯಯವಾದದ್ದು 28 ಕೋಟಿ 90 ಲಕ್ಷ ಡಾಲರೋ, 140 ಕೋಟಿ ಡಾಲರೋ ಎಂಬುದನ್ನು ಹೇಳಲು ಇಲಾಖೆಗೆ ಸಾಧ್ಯವಾಗಿರಲಿಲ್ಲ. ಅಲ್ಲಿ ತಯಾರಾದ ಕರಡು ವರದಿಗಳಾದರೂ ಎಂಥವು? ಮುಸ್ಲಿಮ್ ಕೇಂದ್ರವೊಂದರಲ್ಲಿ ಮಕ್ಕಳ ಪಾಲನೆಯ ಕುರಿತು ನಡೆದ ಉಪನ್ಯಾಸ ಒಂದರ ವಸ್ತು. ಮುಸ್ಲಿಮ್ ಸಂಘಟನೆಯೊಂದು ಓದಲು ಸೂಚಿಸಿದ ಪುಸ್ತಕಗಳ ಪಟ್ಟಿ ಇನ್ನೊಂದರ ವಸ್ತು. ಅವು ಕೊನೆಗೆ ರದ್ದಾದವು, ನಿಜ. ಆದರೆ ಬರೆದವರ ದೃಷ್ಟಿಯಲ್ಲಿ ತಂದೆ-ತಾಯಿಯರ ತರಬೇತಿಯೂ ಶಂಕಾಸ್ಪದವಾಗಿತ್ತಲ್ಲವೇ? ಸಮುದಾಯವೊಂದನ್ನು ಸಾರಾಸಗಟಾಗಿ ಶಂಕಿಸುವುದು ಅನ್ಯಾಯ ಮಾತ್ರವಲ್ಲ, ನಿಷ್ಫಲವೂ ಹೌದು. ನಿಜವಾದ ಅಪರಾಧಿಯ ಸುಳಿವು ಕೊಡಬಲ್ಲ ನೆರೆಹೊರೆಯವರ ವಿಶ್ವಾಸವೇ ಅದರಿಂದ ನಾಶವಾಗುತ್ತದೆ.

ಅಲ್ಲಿಯ ಮುಸ್ಲಿಮರು ಇದನ್ನು ಎದುರಿಸಿದ ರೀತಿ ಗಮನಾರ್ಹ. ಕ್ಯಾಲಿಫೋರ್ನಿಯಾದ ಇಸ್ಲಾಮೀ ಶಿಕ್ಷಣ ಸಂಸ್ಥೆ ಬಯಾನ್ ಕ್ಲೇರ್‌ಮಾಂಟ್, ಉಗ್ರವಾದ ತಡೆಗೆಂದು ಮಂಜೂರಾಗಿದ್ದ 8 ಲಕ್ಷ ಡಾಲರನ್ನು 2017ರಲ್ಲಿ ನಿರಾಕರಿಸಿತು. ಅದೇ ರಾಜ್ಯದ ಅಲಮೀಡಾ ಜಿಲ್ಲೆಯಲ್ಲಿ ಅರ್ಬನ್ ಏರಿಯಾಸ್ ಯೋಜನೆಯ ಅನುದಾನದಿಂದ ನಡೆಯುತ್ತಿದ್ದ ‘ಅರ್ಬನ್ ಶೀಲ್ಡ್’ ಪೊಲೀಸ್ ತಾಲೀಮು ಮತ್ತು ಶಸ್ತ್ರ ಪ್ರದರ್ಶನದ ವಿರುದ್ಧ ಅರಬ್ ಸಂಘಟನೆಗಳು ಇತರ ನಾಗರಿಕರೊಂದಿಗೆ ಕೈಜೋಡಿಸಿದವು. 2018ರಲ್ಲಿ ಜಿಲ್ಲಾ ಆಡಳಿತ ಮಂಡಳಿಯು ಅದನ್ನು ಅದೇ ರೂಪದಲ್ಲಿ ಮುಂದುವರಿಸದಿರಲು ತೀರ್ಮಾನಿಸಿತು. ಕಲ್ಲು ತೂರಾಟವಿಲ್ಲದೆ, ಸಭೆಗಳಲ್ಲಿ ಹಾಜರಾಗಿ ಪ್ರಶ್ನಿಸಿ ಪಡೆದ ಫಲವಿದು. ಇನ್ನೊಂದೆಡೆ, ದ್ವೇಷದ ದಾಳಿಗಳ ಭೀತಿಯಿಂದ ಕ್ಯಾಮರಾ, ಗೇಟುಗಳಿಗಾಗಿ ಅದೇ ಇಲಾಖೆಗೆ ಅರ್ಜಿ ಹಾಕಿದ ಮಸೀದಿಗಳೂ ಇವೆ. ಅವರ ಇಕ್ಕಟ್ಟನ್ನು ನಾವು ಹಗುರವಾಗಿ ಕಾಣಬಾರದು.

ನಮಗೆ ಇದರಲ್ಲಿ ಪಾಠವೇನು? ಮೊದಲನೆಯದಾಗಿ, ಸುರಕ್ಷತೆ ಎಲ್ಲ ನಾಗರಿಕರ ಹಕ್ಕು, ಅದಕ್ಕೆ ವ್ಯಯವಾಗುವುದು ನಮ್ಮದೂ ಸೇರಿದ ತೆರಿಗೆಯ ಹಣ. ನಮ್ಮ ದೇಶದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಭದ್ರತೆಯ ಗುಟ್ಟುಗಳನ್ನು ಕೇಳಬೇಕಾಗಿಲ್ಲ. ನಮ್ಮ ಊರಿನ ಆಸ್ಪತ್ರೆಗೆ, ಅಗ್ನಿಶಾಮಕ ಠಾಣೆಗೆ ಎಷ್ಟು ಬಂತೆಂದು ಕೇಳಬಹುದಲ್ಲವೇ? ಎರಡನೆಯದಾಗಿ, ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ನಮ್ಮ ಎಷ್ಟು ಮಸೀದಿ, ಮದ್ರಸಾ, ಶಾದಿ ಮಹಲ್‌ಗಳಲ್ಲಿ ಬೆಂಕಿ ನಂದಿಸುವ ಸಾಧನವಿದೆ? ಎಷ್ಟು ಯುವಕ ಯುವತಿಯರಿಗೆ ಪ್ರಥಮ ಚಿಕಿತ್ಸೆ ತಿಳಿದಿದೆ? ಇದಕ್ಕೆ ಯಾವ ಅನುದಾನವನ್ನೂ ಕಾಯಬೇಕಾಗಿಲ್ಲ, ಜಮಾಅತ್‌ನ ಒಂದು ನಿರ್ಧಾರ ಸಾಕು.

ಖಲೀಫಾ ಉಮರ್(ರ)ರ ಮೈಮೇಲಿನ ಬಟ್ಟೆಯ ಲೆಕ್ಕವನ್ನು ಸಾಮಾನ್ಯ ವ್ಯಕ್ತಿಯೊಬ್ಬ ತುಂಬಿದ ಸಭೆಯಲ್ಲಿ ಕೇಳಿದ ಘಟನೆ ನಮ್ಮ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಉಮರ್(ರ) ಕೋಪಗೊಳ್ಳಲಿಲ್ಲ, ಲೆಕ್ಕ ಕೊಟ್ಟರು. ಸಾರ್ವಜನಿಕ ಹಣ ಅಮಾನತ್ ಆಗಿದೆ. ಅದನ್ನು ಹಿಡಿದವರ ಮೇಲೆ ಉತ್ತರಿಸುವ ಹೊಣೆಯಿರುವಂತೆ ನಮ್ಮ ಮೇಲೆ ಕೇಳುವ ಹೊಣೆಯೂ ಇದೆ. ಅದನ್ನು ನಿರ್ವಹಿಸುವ ಧೈರ್ಯವನ್ನೂ ಸಂಯಮವನ್ನೂ ಅಲ್ಲಾಹನು ನಮಗೆ ಅನುಗ್ರಹಿಸಲಿ. ಆಮೀನ್.