ಏರಿಯ ಬುಡದ ಜಿನುಗು ನೀರು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬಂದಿರುವ ಎಲ್ಲ ಶರಣ ಶರಣೆಯರಿಗೆ ಶರಣಾರ್ಥಿ.

ನಾನು ವೈದ್ಯನಲ್ಲ, ನೀರಾವರಿ ಇಲಾಖೆಯಿಂದ ನಿವೃತ್ತನಾದ ಎಂಜಿನಿಯರ್. ಆದರೂ ಕಿಡ್ನಿ ಕಾಯಿಲೆಯ ಬಗ್ಗೆ ಮಾತಾಡಲು ಒಪ್ಪಿದೆ. ಕೆರೆ ಏರಿ ನೋಡಿಕೊಂಡವರಿಗೆ ಈ ಕಾಯಿಲೆ ಬೇಗ ಅರ್ಥವಾಗುತ್ತದೆ. ಮಣ್ಣಿನ ಏರಿಯ ಬುಡದಲ್ಲಿ ತುಸು ನೀರು ಜಿನುಗುವುದು ಸಹಜ. ಆ ನೀರು ತಿಳಿಯಾಗಿರುವವರೆಗೆ ನಮಗೆ ಚಿಂತೆಯಿಲ್ಲ. ನೀರಿನ ಜೊತೆ ಮಣ್ಣು ಬರತೊಡಗಿತೋ, ಏರಿ ಒಳಗೊಳಗೇ ಕೊರೆದುಹೋಗುತ್ತಿದೆ ಎಂದರ್ಥ. ಮೇಲೆ ನಡೆದಾಡುವವರ ಕಣ್ಣಿಗೆ ಮಾತ್ರ ಅದು ಗಟ್ಟಿಯಾಗಿಯೇ ಕಾಣುತ್ತಿರುತ್ತದೆ.

ಒಂದೊಂದು ಕಿಡ್ನಿಯಲ್ಲಿ ನೆಫ್ರಾನ್ ಎಂಬ ಸೋಸುವ ಘಟಕಗಳು ಸುಮಾರು 10 ಲಕ್ಷ ಇವೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬೇಕಾದ್ದನ್ನು ರಕ್ತಕ್ಕೆ ಹಿಂದಿರುಗಿಸಿ, ಒಂದೂವರೆ ಲೀಟರಿನಷ್ಟನ್ನು ಹೊರಗೆ ಬಿಡುತ್ತವೆ. ಸಕ್ಕರೆ ಕಾಯಿಲೆ, ಬಿ.ಪಿ.ಗಳಿಂದ ಈ ಜರಡಿ ಕೆಟ್ಟಾಗ ರಕ್ತದಲ್ಲೇ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ. ಏರಿಯ ಮಣ್ಣು ಎಂದೆನಲ್ಲ, ಅದೇ ಇದು. ನೋವಿಲ್ಲ, ಉರಿಯಿಲ್ಲ. ಕಾಲು ಊದಿ, ಊಟ ಸೇರದೆ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕಿಡ್ನಿಯ ಶಕ್ತಿ ಬಹುಪಾಲು ಹೋಗಿರುತ್ತದೆ. ಆಮೇಲೆ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತವಾಗಿ ಸಿಕ್ಕರೂ, ಬಸ್ಸು ಹಿಡಿದು ಬರುವ ರೈತನಿಗೆ ಅಷ್ಟು ದಿನ ಹೊಲದ ಕೆಲಸ ಇಲ್ಲ, ಜೊತೆಗೆ ಬರುವ ಮಡದಿಗೂ ಇಲ್ಲ.

ಇದನ್ನು ಹಣೆಬರಹ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಜಾತಕ ಶಕುನಗಳನ್ನು ಶರಣರು 12ನೇ ಶತಮಾನದಲ್ಲೇ ಬದಿಗಿಟ್ಟರು. ನಾವು ಇನ್ನೂ ಪಂಚಾಂಗ ಬಿಚ್ಚುತ್ತಿದ್ದೇವೆ. ಸಂಶೋಧನೆ ಹೇಳುವುದೇ ಬೇರೆ. 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟವರಿಗೆ ಕ್ಯಾಪ್ಟೊಪ್ರಿಲ್ ಎಂಬ ಬಿ.ಪಿ. ಮಾತ್ರೆ ಕೊಟ್ಟಾಗ ಸಾವು, ಡಯಾಲಿಸಿಸ್, ಕಿಡ್ನಿ ಕಸಿ ಈ ಮೂರರ ಒಟ್ಟು ಅಪಾಯ ಅರ್ಧದಷ್ಟು ಇಳಿಯಿತು. 2020ರಲ್ಲಿ ಡಾಪಾಗ್ಲಿಫ್ಲೋಜಿನ್ ಕುರಿತ ಅಧ್ಯಯನ ಬಂತು. ಅದರಲ್ಲಿದ್ದವರು 4,304 ರೋಗಿಗಳು, ಸಕ್ಕರೆ ಕಾಯಿಲೆ ಇದ್ದವರೂ ಇಲ್ಲದವರೂ. ಕಿಡ್ನಿಯ ಶಕ್ತಿ ಅರ್ಧಕ್ಕಿಳಿಯುವುದು, ಪೂರ್ತಿ ನಿಲ್ಲುವುದು, ಕಿಡ್ನಿ ಅಥವಾ ಹೃದಯದ ಕಾರಣಕ್ಕೆ ಸಾಯುವುದು ಇವುಗಳಲ್ಲೊಂದು ಹುಸಿ ಮಾತ್ರೆ ನುಂಗಿದವರಲ್ಲಿ ಶೇ. 14.5 ಮಂದಿಗೆ ಆಯಿತು. ಔಷಧ ಪಡೆದವರಲ್ಲಿ ಶೇ. 9.2 ಮಂದಿಗೆ. ಆಮೇಲೆ ಭಾರತದಲ್ಲಿ ಅದರ ಪೇಟೆಂಟ್ ಮುಗಿದು ಬೆಲೆಯೂ ಇಳಿಯಿತು. ಯಾರಿಗೆ ಕೊಡಬೇಕೆಂಬುದು ವೈದ್ಯರ ಮಾತು. ಆದರೆ ಒಂದನ್ನು ಗಮನಿಸಿ: ಆ ಅಧ್ಯಯನಕ್ಕೆ ಆರಿಸಿದ್ದು ಮೂತ್ರದಲ್ಲಿ ಆಲ್ಬುಮಿನ್ ಕಂಡವರನ್ನೇ. ಪರೀಕ್ಷೆ ಮಾಡಿಸದವರಿಗೆ ಮಾತ್ರೆ ಸಿಗುವುದಾದರೂ ಹೇಗೆ?

ನಮ್ಮ ಶಿಬಿರಗಳಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ, ಬಿ.ಪಿ. ನೋಡುತ್ತಾರೆ, ಫೋಟೊ ತೆಗೆಯುತ್ತಾರೆ. ಮೂತ್ರದ ಡಬ್ಬಿ ಯಾರಿಗೂ ಬೇಡ, ಅದಕ್ಕೆ ಮೈಲಿಗೆಯ ಸಂಕೋಚ. ಹೆಣ್ಣುಮಕ್ಕಳಂತೂ ಎಲ್ಲರಿಗೂ ಬಡಿಸಿ ಬರುವಷ್ಟರಲ್ಲಿ ಶಿಬಿರವೇ ಮುಗಿದಿರುತ್ತದೆ. ಮಂಡಿನೋವಿಗೆ ಔಷಧಿ ಅಂಗಡಿಯ ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರೂ ಅವರೇ. ಅದೂ ಕಿಡ್ನಿಗೆ ಪೆಟ್ಟು. ದಾಸೋಹದ ಎಲೆಯ ಮೇಲಿನ ಉಪ್ಪಿನಕಾಯಿ, ಹಪ್ಪಳದ ಬಗ್ಗೆಯೂ ಪೂಜ್ಯರು ಒಂದು ಮಾತು ಹೇಳಿದರೆ ಭಕ್ತರು ಕೇಳುತ್ತಾರೆ. ನಾನು ಹೇಳಿದರೆ ಅಡುಗೆಯವರು ನಗುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸಕ್ಕರೆ, ಬಿ.ಪಿ. ಇರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಠದ ಅಂಗಳದಲ್ಲೇ ಆಗಲಿ. ಮೊದಲ ಸರದಿ ಹೆಣ್ಣುಮಕ್ಕಳದು, ಬಡಿಸುವ ಕೆಲಸ ಅಂದು ಗಂಡಸರದು. ಒಂದು ಸಲ ಆಲ್ಬುಮಿನ್ ಕಂಡ ಮಾತ್ರಕ್ಕೆ ಕಾಯಿಲೆ ಎಂದು ತೀರ್ಮಾನಿಸುವಂತಿಲ್ಲ, ಮೂರು ತಿಂಗಳ ನಂತರವೂ ಅದು ಇದೆಯೇ ಎಂದು ನೋಡಬೇಕು. ಆ ಮರುಪರೀಕ್ಷೆಗೆ ಯಾರನ್ನು ಯಾರು ಮನೆಗೆ ಹೋಗಿ ಕರೆತರಬೇಕೆಂಬ ಪಟ್ಟಿಯನ್ನು, ನಾಲ್ಕೂ ತಾಲ್ಲೂಕಿನವರು ಊಟಕ್ಕೆ ಏಳುವ ಮೊದಲು ಇಲ್ಲೇ ಕುಳಿತು ಬರೆದುಕೊಳ್ಳೋಣ.